ಹೆಣದ ಪೆಟ್ಟಿಗೆಯಲ್ಲಿಟ್ಟ ಭಜನೆ ಪುಸ್ತಕ

“ಯಾರು ತೀರ್ಕೊಂಡಾರ್ರಿ?” ಎಂದು ಸಲೀಮ್ ಫೋನಿನಲ್ಲಿ ಕೇಳಿದ.

“ಯಾರೂ ಇಲ್ಲ. ಪುಸ್ತಕ ಇಡೂದೈತಿ.”

ನವಲಗುಂದದಲ್ಲಿ ಶಾಮಿಯಾನ, ಕುರ್ಚಿ, ಜನರೇಟರ್ ಬಾಡಿಗೆಗೆ ಕೊಡುವ ಮನುಷ್ಯ ಅವನು. ಎಂಥೆಂಥ ಗಿರಾಕಿಗಳನ್ನೋ ಕಂಡಿರಬೇಕು. ಆದರೂ ಹೆಣ ಕೆಡದಂತೆ ಇಡುವ ಪೆಟ್ಟಿಗೆಯನ್ನು ಪುಸ್ತಕಕ್ಕೆ ಬೇಕೆಂದು ಕೇಳಿದವಳು ನಾನೊಬ್ಬಳೇ ಇರಬೇಕು.

“ಶಾಂಭವಿ ಮೇಡಂ, ಅದು ಮಣ್ಣಿಗೆ ಮಂದಿ ಬರೂತನಕ ಹೆಣಾ ಇಡೂ ಪೆಟ್ಟಿಗಿ ಐತ್ರಿ. ಮಾರಿ ಕಾಣಾಕ ಮ್ಯಾಲೆ ಗಾಜು ಇರತೈತಿ.”

“ಗೊತ್ತೈತ್ರಿ. ಥಂಡಿ ಬರೋಬ್ಬರಿ ಆಗತೈತಿಲ್ಲ?”

“ಅಗದಿ ಬರ್ಫ್ ಆಗತೈತ್ರಿ.”

“ಹಂಗಾರ ತಗೊಂಡು ಬರ್ರಿ.”

ನನ್ನ ಕೆಲಸ ಗೊತ್ತಿಲ್ಲದವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ. ಧಾರವಾಡದಲ್ಲಿ ಹಳೆಯ ಗ್ರಂಥಗಳ ವಿಭಾಗವೊಂದರಲ್ಲಿ ನಾನು ಹರಿದ, ಹುಳ ತಿಂದ, ನೀರು ಕುಡಿದ ಪುಸ್ತಕಗಳನ್ನು ಸರಿಮಾಡುತ್ತೇನೆ. ತೊಯ್ದ ಪುಸ್ತಕವೂ ಹಾಲೂ ಒಂದೇ. ಹೊರಗಿಟ್ಟರೆ ಕೆಡುತ್ತದೆ, ತಣ್ಣಗಿಟ್ಟರೆ ನಾಳೆಗೆ ಉಳಿಯುತ್ತದೆ. ಒಂದೊಂದೇ ಹಾಳೆ ಬಿಡಿಸಿ ಒಣಗಿಸಲು ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಉಳಿದವಕ್ಕೆ ಬೂಷ್ಟು ಹತ್ತುತ್ತದೆ. ಅದಕ್ಕೇ ಸರದಿ ಬರುವವರೆಗೆ ಅವನ್ನು ಬರ್ಫಿನಲ್ಲಿಡಬೇಕು. ನಾನು ಕೆಲಸಕ್ಕೆ ಹೋಗಿದ್ದ ಊರಿನ ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ ಸೋಡಾ ಬಾಟಲಿಗೇ ಜಾಗವಿರಲಿಲ್ಲ. ಇನ್ನೇನು ಮಾಡಲಿ?

ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಮಂದಿ ಈಗಲೂ ನನ್ನೊಡನೆ ಮಾತನಾಡುತ್ತಾರೆ, ಅದನ್ನು ಕೆಡಿಸಿಕೊಳ್ಳುವ ಮನಸ್ಸಿಲ್ಲ. ತಿರ್ಲಾಪುರದಿಂದ ಇನ್ನೂ ಮುಂದೆ, ಕರಿಮಣ್ಣಿನ ಎರಿಹೊಲಗಳ ನಡುವೆ ಇದೆ ಎಂದರೆ ಸಾಕು. ಊರ ಮುಂದೆ ಹಳ್ಳ, ಹಳ್ಳಕ್ಕೊಂದು ಮೋಟು ಸೇತುವೆ. ಈ ಕಡೆ ಯಾರಾದರೂ ಸತ್ತರೆ ಹೆಣದ ಮುಂದೆ ಬೆಳತನಕ ಭಜನೆ ಹಾಡುತ್ತಾರೆ. ಹಿಂದಿನ ವರ್ಷ ಮಳೆಗಾಲದಲ್ಲಿ ಈ ಊರಿನ ಮೇಳ ಪಕ್ಕದ ಹಳ್ಳಿಯ ಸಾವಿನ ಮನೆಯಲ್ಲಿ ಹಾಡಿ, ಮಣ್ಣು ಮುಗಿಸಿ ಟ್ರ್ಯಾಕ್ಟರಿನಲ್ಲಿ ತಿರುಗಿ ಬರುತ್ತಿತ್ತು. ಸೇತುವೆಯ ನಡುವೆ ಬಂದಾಗ ಹಳ್ಳ ಉಕ್ಕಿ ಬಂತು. ಕೆಲವರು ಈಸಿ ದಂಡೆ ಸೇರಿದರು, ಐದು ಮಂದಿ ಹೋದರು. ನಾಲ್ವರ ಹೆಣ ಕೆಳಗಿನ ಜಾಲಿಕಂಟಿಗಳಲ್ಲಿ ಸಿಕ್ಕವು. ಮೇಳದ ಮುಂದೆ ನಿಂತು ಹಾಡುತ್ತಿದ್ದ ಹನುಮೇಶ ಮಾತ್ರ ಸಿಗಲೇ ಇಲ್ಲ. ಅವನು ಕೈಯಾರೆ ಪದ ಬರೆದುಕೊಂಡಿದ್ದ ಭಜನೆ ಪುಸ್ತಕ ಸಿಕ್ಕಿತು. ತಾಳಗಳ ಜೊತೆ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿತ್ತು. ಅಷ್ಟು ನೀರು ಹರಿದರೂ ಅದಕ್ಕೆ ಹನಿಯೂ ತಾಗಿರಲಿಲ್ಲವಂತೆ.

ಊರವರು ಸೇತುವೆಯ ಬಾಜು ಕಟ್ಟೆ ಕಟ್ಟಿ, ಐವರ ಫೋಟೋ ಇಟ್ಟು, ಗಾಜಿನ ಕಪಾಟು ಕೂಡಿಸಿದರು. ಅದರಲ್ಲಿ ತಂದಿಡದ ವಸ್ತುವಿಲ್ಲ. ಶಾಲೆಯಿಂದ ಬರುತ್ತ ಅದೇ ಟ್ರ್ಯಾಕ್ಟರ್ ಹತ್ತಿದ್ದ ಹುಡುಗಿಯ ಪಠ್ಯಪುಸ್ತಕಗಳು, ಡ್ರೈವರನ ಮದುವೆ ಆಲ್ಬಮ್, ಯಾರದೋ ಕನ್ನಡಕ, ಯಾರದೋ ಎಲೆ ಅಡಿಕೆ ಚೀಲ. ಈ ವರ್ಷ ದಸರೆಯ ಮುಂದೆ ಹಳ್ಳ ಮತ್ತೆ ಬಂದು ಕಟ್ಟೆಯನ್ನು ಮುಳುಗಿಸಿತು. ನೀರು ಇಳಿದಾಗ ಕಪಾಟಿನ ತುಂಬ ಕರಿ ರಾಡಿ.

ಹನುಮೇಶನ ಕಾಕಾ ಅಮೋಘಸಿದ್ದಪ್ಪ ಧಾರವಾಡಕ್ಕೇ ಬಂದು ನನ್ನನ್ನು ಕರೆದ. ಮೇಳದ ಹಿರಿಯ, ಮಾತು ಕಮ್ಮಿ. “ಅವರ ಕೈ ಸೋಕಿದ ವಸ್ತು ಅಂತ ಉಳದಿದ್ದು ಅಷ್ಟರಿ. ಹೆಂಗರ ಮಾಡಿ ಉಳಿಸಿಕೊಡ್ರಿ,” ಎಂದ. ನಾನು ಕುಂದಗೋಳದ ಕಡೆಯವಳು, ನನ್ನ ತವರಿಗೂ ಹಳ್ಳದ ಕಾಟ ಗೊತ್ತು. ರಜೆ ಹಾಕಿ ಹೊರಟೆ.

ಊರಿನ ಸಮುದಾಯ ಭವನದಲ್ಲಿ ಟೇಬಲ್ ಹಾಕಿಸಿ, ನೀರಿನ ಟ್ರೇ, ಮೆದು ಬ್ರಷ್, ನೀರು ಹೀರುವ ಕಾಗದ ಹರಡಿಕೊಂಡೆ. ರಾಡಿ ತೊಳೆಯಲು ಕೂತ ಸ್ವಲ್ಪ ಹೊತ್ತಿಗೇ ಒಬ್ಬ ಮುದುಕಿ ಬಂದು ಎದುರು ಕುಕ್ಕರುಗಾಲಿನಲ್ಲಿ ಕೂತಳು. ಹನುಮೇಶನ ತಾಯಿ ರೇಣುಕವ್ವ. ಕೆಸರು ಮೆತ್ತಿದ ಭಜನೆ ಪುಸ್ತಕವನ್ನು ಅವಳು ದೂರದಿಂದಲೇ ಗುರುತು ಹಿಡಿದಳು.

“ಲಗೂನ ಒಣಗಿಸ್ರಿ, ಯವ್ವಾ. ಮಣ್ಣು ಮಾಡೂದೈತಿ.”

“ಪುಸ್ತಕಾನ?”

“ಅವನ ಮೈ ಅಂತೂ ಬರಲಿಲ್ಲ. ನೀರಾಗಿನ ಸಾವು ಮಣ್ಣು ಕಾಣಬೇಕ್ರಿ, ಇಲ್ಲಂದ್ರ ತೊಯ್ಕೊಂಡ ತಿರಗ್ತಾನ. ನನ್ನ ಮಗ ಸತ್ತು ವರ್ಷಾತು, ಇನ್ನೂ ತೊಯ್ಕೊಂಡ ಅದಾನ. ಹಸೀದು ಹುಗದ್ರ ಮತ್ತ ನೀರಾಗ ಇಟ್ಟಂಗ. ಅದಕ್ಕ ಒಣಗಿಸಿಕೊಡ್ರಿ.”

ಅಳಲಿಲ್ಲ, ದನಿ ನಡುಗಲಿಲ್ಲ. ರೊಟ್ಟಿ ಹಿಟ್ಟು ಬೀಸಿಕೊಡು ಎಂದು ಗಿರಣಿಯವನಿಗೆ ಹೇಳುವ ಧಾಟಿಯಲ್ಲಿ ಹೇಳಿ ಎದ್ದು ಹೋದಳು.

ಅವಳು ಹೋದ ಮೇಲೆ ಸೊಸೆ ಬಂದಳು. ಸೀಮಾ, ಹನುಮೇಶನ ಹೆಂಡತಿ. ಕೈತುಂಬ ಹಸಿರು ಬಳೆ, ಹಣೆಗೆ ಕುಂಕುಮ. ಗಂಡ ಸಿಗದ ದಿನದಿಂದ ‘ಹಳ್ಳ ಇಳೀಲಿ, ಬರ್ತಾರ’ ಎನ್ನುತ್ತಲೇ ಇದ್ದಳಂತೆ. ಅವಳು ಹೊಲಕ್ಕೆ ಹೋದಾಗ ಅತ್ತೆ ಈ ಪುಸ್ತಕವನ್ನು ಒಯ್ದು ಕಟ್ಟೆಯ ಮೇಲೆ ಇಟ್ಟಿದ್ದಳಂತೆ. ಅಂದಿನಿಂದ ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಇಲ್ಲ.

“ಅಕ್ಕಾರ, ಒಣಗಿದ ಮ್ಯಾಲೆ ನನ್ನ ಕೈಯಾಗ ಕೊಡ್ರಿ. ಬ್ಯಾರೆ ಯಾರ ಕೈಯಾಗೂ ಬ್ಯಾಡ. ನಾಳಿ ಅವರು ಬಂದು ನನ್ನ ಪುಸ್ತಕ ಎಲ್ಲಿ ಅಂದ್ರ ಏನ್ ಹೇಳ್ಲಿ?”

ನನಗೆ ಅವಳ ಮುಖ ನೋಡಲಾಗಲಿಲ್ಲ. “ಕೊಡ್ತೀನಿ ತಂಗಿ,” ಎಂದುಬಿಟ್ಟೆ. ಊರ ಉಸಾಬರಿ ನಮಗೇಕೆ ಎನ್ನುವವಳು ನಾನು. ಆದರೆ ಬಾಯಿಂದ ಬಂದ ಮಾತು ಬಂದುಹೋಯಿತು.

ಸಲೀಮ್ ಪೆಟ್ಟಿಗೆ ತಂದು ಭವನದ ನಡುವೆ ಇಳಿಸಿದ. ಉದ್ದದ ಸ್ಟೀಲಿನ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಕಾಲ ಕಡೆ ಗುಂಯ್‌ಗುಡುವ ಯಂತ್ರ. ನಾನು ಒಂದೊಂದೇ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ಜೋಡಿಸಿದೆ. ಹನುಮೇಶನ ಪುಸ್ತಕ ಕಡೆಗೆ ಉಳಿಯಿತು. ತಲೆಯ ಕಡೆ ಸ್ವಲ್ಪ ಜಾಗವಿತ್ತು, ಅಲ್ಲಿಟ್ಟೆ. ನನ್ನ ತಲೆಯಲ್ಲಿ ಬೂಷ್ಟಿನ ಚಿಂತೆ ಬಿಟ್ಟರೆ ಏನೂ ಇರಲಿಲ್ಲ.

ಚಹಾ ಕುಡಿದು ತಿರುಗಿ ಬರುವಷ್ಟರಲ್ಲಿ ಭವನದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಪೆಟ್ಟಿಗೆಯ ಸುತ್ತ ಹೆಂಗಸರು. ತಲೆಯ ಕಡೆ ಊದಿನಕಡ್ಡಿ, ಗಾಜಿನ ಮೇಲೆ ಭಂಡಾರದ ಅರಿಸಿನ ಚೆಲ್ಲಿ ಹಳದಿಯಾಗಿತ್ತು. ಒಬ್ಬಾಕೆ ಹಾಡಿಕೊಂಡು ಅಳುತ್ತಿದ್ದಳು. ಗಂಡಸರು ಹೊರಗೆ ಟೊಪ್ಪಿಗೆ ತೆಗೆದು ಗೋಡೆಗೆ ಆತು ಕೂತಿದ್ದರು. ನನಗೆ ಪಿತ್ತ ನೆತ್ತಿಗೇರಿತು.

“ಏನಿದು? ಅದರೊಳಗ ಪುಸ್ತಕ ಅದಾವ್ರಿ, ಮನುಷ್ಯಾರಿಲ್ಲ.”

ಅಮೋಘಸಿದ್ದಪ್ಪ ಎದ್ದು ಬಂದ. ಸಿಟ್ಟಿರಲಿಲ್ಲ ಅವನಿಗೆ. “ಪುಸ್ತಕ ಅಂತ ನಮಗೂ ಗೊತ್ತೈತ್ರಿ. ಪೆಟ್ಟಿಗ್ಯಾಗ ಇಟ್ಟವರು ನೀವು. ನಮ್ಮಲ್ಲೆ ಪೆಟ್ಟಿಗಿಗೆ ಬಂದದ್ದು ಮನಿಗೆ ತಿರುಗಿ ಹೋಗೂದಿಲ್ಲ. ಉಳದ ನಾಲ್ಕು ಮಂದೀದು ಕಟ್ಟಿ ಮ್ಯಾಲೆ ಹೋಗ್ತಾವ, ಅವರಿಗೆ ಮಣ್ಣಾಗೇತಿ. ಇವನಿಗೆ ಆಗಿದ್ದಿಲ್ಲ. ಈಗ ಆಗತೈತಿ.”

“ಅದನ್ನ ಆ ಹುಡಿಗಿಗೆ ಕೊಡ್ತೀನಂತ ನಾ ಮಾತು ಕೊಟ್ಟೀನಿ.”

“ಒಣಗಲಿ ತಗೋರಿ. ಒಣಗಿದ ದಿನಾ ಮಣ್ಣು.”

ಬಾಗಿಲ ಹೊರಗೆ ಸೀಮಾ ನಿಂತಿದ್ದಳು. ಒಬ್ಬ ಮುದುಕಿ ಅವಳ ಮುಂಗೈ ಹಿಡಿದು, ಬಳೆ ತೆಗೆದಿಡುವ ಮಾತು ಹೇಳುತ್ತಿದ್ದಳು. ಸೀಮಾ ಕೈ ಕೊಸರಿಕೊಂಡು ನನ್ನ ಬಳಿ ಬಂದಳು.

“ಅಕ್ಕಾರ, ವರ್ಷಾ ಪೂರಾ ಇವರ್ಯಾರ ಕೈಲೂ ಆಗಲಿಲ್ಲ. ನೀವು ಬಂದು ಅವರನ್ನ ಪೆಟ್ಟಿಗ್ಯಾಗ ಮಲಗಿಸಿದ್ರಿ.”

ಅಷ್ಟು ಹೇಳಿ ಹೋದಳು. ನಾನು ಇದೇ ಸೀಮೆಯಲ್ಲಿ ಹುಟ್ಟಿದವಳು. ಪೆಟ್ಟಿಗೆ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಚಿಕೆಯಿಂದ ಮೈ ಬಿಸಿಯಾಯಿತು. ಅಂದು ಸಂಜೆ ಅವಳ ಹಿತ್ತಲಿಗೆ ಹೋಗಿ ಒಂದು ಉಪಾಯ ಹೇಳಿದೆ. ಒಣಗಿದ ಬೆಳಿಗ್ಗೆ ಮೊದಲು ನಿನಗೇ ಹೇಳುತ್ತೇನೆ, ಪುಸ್ತಕ ತೆಗೆದುಕೊಂಡು ನೆಟ್ಟಗೆ ಕುಬಿಹಾಳದ ತವರಿಗೆ ಹೋಗಿಬಿಡು, ಊರವರ ಬೈಗುಳ ನಾನು ತಿನ್ನುತ್ತೇನೆ ಎಂದೆ. ಅವಳು ಒಪ್ಪಿ ತಲೆಯಾಡಿಸಿದಳು. ಹೀಗೆ ಅತ್ತೆಗೂ ಸೊಸೆಗೂ ಊರಿಗೂ ನನಗೂ ಬೇಕಾದದ್ದು ಒಂದೇ ಆಯಿತು. ಆ ಪುಸ್ತಕ ಒಣಗಬೇಕು.

ಮರುದಿನ ಬೆಳಿಗ್ಗೆ ಗಾಜಿನ ಮೇಲಿನ ಭಂಡಾರ ಒರೆಸಿದಾಗ ತಲೆಯ ಕಡೆ ಒಂದು ಮಬ್ಬು ಕಂಡಿತು. ಅಂಗೈಯಗಲದ ದುಂಡು ಮಬ್ಬು. ಒರೆಸಿದೆ, ಹೋಗಲಿಲ್ಲ. ಅದು ಗಾಜಿನ ಒಳಮೈಯಲ್ಲಿತ್ತು. ಪ್ಲಾಸ್ಟಿಕ್ ಹರಿದು ಹಸಿ ಹೊರಬಿದ್ದಿರಬೇಕು ಎಂದು ಮುಚ್ಚಳ ತೆಗೆದು ನೋಡಿದರೆ ಎಲ್ಲೂ ಹರಿದಿಲ್ಲ. ಇನ್ನೆರಡು ಸುತ್ತು ಸುತ್ತಿ, ಗಾಜು ಒರೆಸಿ ಮುಚ್ಚಿದೆ. ಯಂತ್ರ ನೋಡಲು ಬಂದ ಸಲೀಮ್ ನನ್ನ ಹಿಂದೆಯೇ ನಿಂತಿದ್ದ. ನಾವು ನೋಡುತ್ತಿದ್ದಂತೆಯೇ ಅದೇ ಜಾಗದಲ್ಲಿ ಮಬ್ಬು ಮೂಡಿ ಅಗಲವಾಯಿತು, ಅಂಚಿನಿಂದ ಕರಗಿ ಸಣ್ಣದಾಯಿತು, ಮತ್ತೆ ಅಗಲವಾಯಿತು.

“ಗಾಜಿಗೆ ಹೊರಗಿಂದ ನೀರು ಕೂಡತೈತ್ರಿ, ಮಂದಿ ಉಸಿರಿಗೆ,” ಎಂದ ಸಲೀಮ್. “ಒಳಗಿಂದ ಕೂಡಬೇಕಂದ್ರ...” ಮುಂದಿನದನ್ನು ಹೇಳದೆ ಟೆಂಪೋದ ಕೀಲಿ ಹುಡುಕಿಕೊಂಡ. ಆಮೇಲೆ ಅವನು ಭವನದ ಮೆಟ್ಟಿಲು ಹತ್ತಲಿಲ್ಲ. ಏನಿದ್ದರೂ ರಸ್ತೆಯಿಂದಲೇ ಕೂಗಿ ಕೇಳುತ್ತಿದ್ದ.

ಹಸಿ ಕಾಗದ, ಥಂಡಿ ಗಾಜು, ಯಂತ್ರ ನಿಂತು ನಿಂತು ಓಡುತ್ತದೆ, ಅದಕ್ಕೆ ತಕ್ಕಂತೆ ಮಬ್ಬು ಬಂದು ಹೋಗುತ್ತದೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಪೆಟ್ಟಿಗೆಯ ತುಂಬ ಹಸಿ ಕಾಗದವೇ ಇದ್ದರೂ ಆ ಒಂದರ ಮೇಲೆ ಮಾತ್ರ ಏಕೆ ಎಂದು ಕೇಳಿಕೊಳ್ಳಲಿಲ್ಲ. ಆ ಕಡೆ ಬೆನ್ನು ಮಾಡಿ ಕೂತು ಕೆಲಸ ಮಾಡಿದೆ. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಳೆ ಹಿಂದೆ ಸರಿದು ಮೂಡಣ ಗಾಳಿ ಬೀಸತೊಡಗಿತು. ತುಟಿ ಒಡೆಸುವ ಒಣ ಗಾಳಿ. ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಹುಡುಗಿಯ ಪುಸ್ತಕಗಳು ಮೊದಲು ಒಣಗಿದವು. ಅಂಚು ಸ್ವಲ್ಪ ಸುಕ್ಕಾದರೂ ಅವಳು ಬಣ್ಣ ಹಚ್ಚಿದ್ದ ಗಿಳಿ ಹಾಗೇ ಉಳಿಯಿತು. ಒಂದಕ್ಕೊಂದು ಅಂಟಿದ್ದ ಮದುವೆ ಫೋಟೋಗಳನ್ನು ನೀರಿನಲ್ಲಿ ತೇಲಿಸಿ ಬಿಡಿಸಿದೆ. ಡ್ರೈವರನ ಹೆಂಡತಿ ಬಂದು ಬಾಸಿಂಗ ಕಟ್ಟಿದ ಗಂಡನ ಮುಖ ನೋಡಿ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಇಂಥ ಗಳಿಗೆಗಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ಹನುಮೇಶನ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆಗಳ ನಡುವೆ ಹೀರುಕಾಗದ ಇಟ್ಟು, ಕಿಟಕಿಯ ಗಾಳಿಗೆ ಹರಡಿದೆ. ಬಾಲ್‌ಪೆನ್ನಿನ ಅಕ್ಷರ, ಒಂದೂ ಕದಡಿರಲಿಲ್ಲ. ಸಂಜೆಗೆ ಮುಟ್ಟಿ ನೋಡಿದೆ, ತೊಯ್ದು ತೊಪ್ಪೆ. ಹೀರುಕಾಗದ ಬದಲಿಸಿದೆ. ಬೆಳಿಗ್ಗೆ ಮತ್ತೆ ತೊಪ್ಪೆ. ಅದರ ಬಾಜೂಕಿದ್ದ ಬೇರೆ ಪುಸ್ತಕಗಳ ಹಾಳೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು. ಅಡಿಗೆಮನೆಯ ತಕ್ಕಡಿ ತರಿಸಿ ತೂಗಿದೆ. ಒಂದು ರಾತ್ರಿ ಕಳೆದ ಮೇಲೆ ಆ ಕಾಗದದ ಕಟ್ಟು ಮೊದಲಿಗಿಂತ ಭಾರವಾಗಿತ್ತು. ಹಿಂಡಿದ ಹೀರುಕಾಗದದಿಂದ ಇಳಿದದ್ದು ನಾನು ತೊಳೆದ ನಲ್ಲಿಯ ನೀರಲ್ಲ. ಕೆಂಪುಗಪ್ಪು ಹಳ್ಳದ ನೀರು. ಅದರಲ್ಲಿ ಸಾಸಿವೆ ಕಾಳಿನಷ್ಟು ಶಂಖದ ಹುಳುವೊಂದು ಹರಿದಾಡುತ್ತಿತ್ತು.

ಯಾರೋ ಆಟವಾಡುತ್ತಿದ್ದಾರೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಕಿಟಕಿಗಳಿಗೆ ಅಗಳಿ ಜಡಿದು, ಬಾಗಿಲಿಗೆ ನನ್ನದೇ ಕೀಲಿ ಹಾಕಿ, ಕೀಲಿಕೈಯನ್ನು ಕುಬಸದೊಳಗೆ ಇಟ್ಟುಕೊಂಡು ಮಲಗಲು ಹೋದೆ. ಬೆಳಿಗ್ಗೆ ಬೀಗ ಹಾಗೇ ಇತ್ತು. ಒಳಗೆ ಟೇಬಲ್ಲಿನಿಂದ ನೀರು ಇಳಿದು ನೆಲದಲ್ಲಿ ಮಡುಗಟ್ಟಿತ್ತು. ಅಲ್ಲಿಂದ ಬಾಗಿಲವರೆಗೆ ಹಸಿಯ ಒಂದು ಪಟ್ಟೆ. ನೀರು ತಾನಾಗಿ ಹರಿದ ಗುರುತು ಎನ್ನುವಂತಿರಲಿಲ್ಲ, ಭವನದ ನೆಲ ಬಾಗಿಲ ಕಡೆಗೆ ಏರಿತ್ತು.

ಸಿಟ್ಟು ಬಂದಾಗ ನನಗೆ ಮುಂದು ಹಿಂದು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಸೀಮಾ ಅಂದೂ ಬಂದಳು. ಅವಳ ಮೇಲೆಯೇ ಹಾಯ್ದೆ.

“ಒಣಗಿದ್ರ ಮಣ್ಣು ಮಾಡ್ತಾರಂತ ನೀನ ತೊಯ್ಸಾಕತ್ತೀಯೇನ?”

ಅವಳು ನನ್ನನ್ನು ನೆಟ್ಟಗೆ ನೋಡಿದಳು. “ಒಣಗಿದ್ರ ನನಗ ಕೊಡ್ತೀನಂದೀರಿ. ದೇವರ ಮುಂದ ದಿನಾ ಒಣಗಲಿ ಅಂತ ಬೇಡ್ಕೊಳ್ಳಾಕಿ ನಾನು. ನಾ ಯಾಕ ತೊಯ್ಸಲಿ?”

“ಹಂಗಾರ ನಿಮ್ಮತ್ತಿ?”

“ಅವರಿಗೂ ಒಣಗಬೇಕಾಗೇತಿ.” ನೆಲದ ಹಸಿ ಪಟ್ಟೆ ನೋಡಿದಳು. “ಮನ್ಯಾಗೂ ಹಿಂಗ ಆಗತೈತಿ ಅಕ್ಕಾರ. ಹೊಸ್ತಲಾ ತೊಯ್ದಿರತೈತಿ. ನಾ ಎದ್ದು ಒರಸ್ತೀನಿ, ಅತ್ತಿ ನೋಡಬಾರದಂತ. ಒಮ್ಮೊಮ್ಮಿ ನಾ ಏಳೂದ್ರಾಗ ಅವರ ಒರಿಸಿರ್ತಾರ.”

ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಅದೇ ನೀರನ್ನು ಒರೆಸುತ್ತ ಬಂದಿದ್ದರು. ಒಳಗೆ ಬಾ, ಇವತ್ತು ಇಡೀ ದಿನ ಇಬ್ಬರೂ ಕೂತು ನೋಡೋಣ ಎಂದೆ.

ಟೇಬಲ್ಲನ್ನು ಬಾಗಿಲ ಬಿಸಿಲಿಗೆ ಎಳೆದೆವು. ಹಾಳೆಗಳನ್ನು ಒಂದರ ಮೇಲೊಂದು ಬಾರದಂತೆ ಹರಡಿದೆವು. ಮಧ್ಯಾಹ್ನ ಏರಿದ ಹಾಗೆ ಗಾಳಿ ಬಿಸಿಯಾಯಿತು. ಹೊರಗೆ ಹತ್ತಿಯ ಗಿಡಗಳ ಎಲೆ ಬಾಡಿ ಜೋತುಬಿದ್ದವು. ಹಾಳೆಗಳು ಮೆಲ್ಲಗೆ ಬೆಳ್ಳಗಾದವು, ಅಂಚುಗಳು ಎದ್ದವು. ಸೀಮಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. “ಒಣಗಿತು,” ಎಂದು ನಾನು ಕೈ ಚಾಚಿದೆ.

ಆಗ ನಡುವಿನ ಹಾಳೆಯ ಮಡಿಕೆಯಲ್ಲಿ ನೀರು ಜಿನುಗಿತು. ಹಸಿ ಎರಿಯಲ್ಲಿ ಕಾಲಿಟ್ಟರೆ ಹೆಜ್ಜೆಯ ಸುತ್ತ ನೀರು ಏಳುತ್ತದಲ್ಲ, ಹಾಗೆ. ಮೇಲಿನಿಂದ ಏನೂ ಬೀಳಲಿಲ್ಲ, ಕೆಳಗೆ ಒಣ ಹಲಗೆ. ನಮ್ಮ ಕಣ್ಣೆದುರಿಗೆ ಒಂದು ಹಾಳೆಯಿಂದ ಇನ್ನೊಂದಕ್ಕೆ ಹಬ್ಬಿ, ಅಕ್ಷರಗಳನ್ನು ಮುಚ್ಚಿ, ಅಂಚಿನಿಂದ ತೊಟ್ಟಿಕ್ಕತೊಡಗಿತು. ಭವನದ ತುಂಬ ಹಳ್ಳದ ವಾಸನೆ ಹರಡಿತು. ನಾನು ಕುರ್ಚಿ ಕೆಡವಿಕೊಂಡು ಎದ್ದೆ.

ಸೀಮಾ ಏಳಲಿಲ್ಲ. ಎರಡೂ ಅಂಗೈಗಳನ್ನು ಆ ಹಾಳೆಗಳ ಮೇಲೆ ಊರಿದಳು. ಹೊರಗೆ ಅಷ್ಟು ಬಿಸಿಲಿದ್ದರೂ ಅವಳ ತೋಳಿನ ರೋಮ ಎದ್ದು ನಿಂತದ್ದು ಕಂಡೆ.

“ಎಷ್ಟು ಥಂಡಿ ಆಗ್ಯಾರ,” ಎಂದಳು. ನನಗಲ್ಲ. ಆಮೇಲೆ ಅಂಗೈ ಎತ್ತದೆ, ಮಲಗಿದವರನ್ನು ಎಬ್ಬಿಸಲು ಹೋಗಿ ಮನಸ್ಸಾಗದೆ ಮಾತನಾಡಿಸುವವರಂತೆ, “ನಾ ಬಾ ಬಾ ಅನ್ನೂದಕ್ಕ ಅಲ್ಲೇ ನಿಂತೀರೇನ್ರಿ? ವರ್ಷಾ ಪೂರಾ ನೀರಾಗ?” ಎಂದು ಕೇಳಿದಳು. ನೀರು ತೊಟ್ಟಿಕ್ಕುತ್ತಲೇ ಇತ್ತು.

ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. “ಕಾಕಾನ್ನ ಕರೀರಿ, ಅಕ್ಕಾರ. ಇದು ನಿಮ್ಮ ಗಾಳಿಗೆ ಒಣಗೂದಲ್ಲ. ಎರಿ ಒಳಗ ಬೆಚ್ಚಗ ಇರತೈತಿ. ಅಲ್ಲೇ ಒಣಗ್ತಾರ.”

“ನೀ ಕೇಳಿದ್ದು ಇದನ್ನ ಅಲ್ಲ, ಸೀಮಾ. ನಾ ಮಾತು ಕೊಟ್ಟೀನಿ.”

“ನಾ ಒಬ್ಬಾಕಿ ಇಟ್ಕೊಂಡು ಏನ್ ಮಾಡ್ಲಿ? ಅವರಿಗೆ ಥಂಡಿ ಆಗೇತಿ.”

ಅಮೋಘಸಿದ್ದಪ್ಪ ಕರಿ ಕಂಬಳಿ ತಂದು ಹಾಸಿದ. ಹಾಳೆಗಳನ್ನು ನಾನೇ ಒಟ್ಟುಮಾಡಿ, ರಟ್ಟಿನ ನಡುವೆ ಇಟ್ಟು ಕಂಬಳಿಯಲ್ಲಿ ಸುತ್ತಿದೆ. ಮೇಳದವರು ತಾಳ ತಂದಿದ್ದರು. ಪುಸ್ತಕವೇ ಕಂಬಳಿಯೊಳಗೆ ಇದ್ದುದರಿಂದ ನೆನಪಿದ್ದಷ್ಟು ಪದ ಹಾಡಿದರು, ಮರೆತಲ್ಲಿ ತಾಳವಷ್ಟೇ ಬಾರಿಸಿ ಮುಂದಕ್ಕೆ ಹೋದರು. ಹೆಂಗಸರು ಸೀಮಾಳ ಸುತ್ತ ಬಂದಾಗ ಅವಳು, “ಬಳಿ ಮುಟ್ಟಬ್ಯಾಡ್ರಿ. ಅವರಿಗೆ ಮಣ್ಣು ಕೊಡ್ತೀನಿ. ನನ್ನ ಕೈ ನನಗ ಬಿಡ್ರಿ,” ಎಂದಳು. ಯಾರೂ ಮುಟ್ಟಲಿಲ್ಲ.

ಆ ಕಟ್ಟನ್ನು ತಕ್ಕಡಿಯಲ್ಲಿ ತೂಗಿದವಳು ನಾನು. ಒಂದು ಕೊಡ ನೀರಿಗಿಂತ ಬಹಳ ಹಗುರ. ಅಮೋಘಸಿದ್ದಪ್ಪ ಬಗ್ಗಿ ಎತ್ತಲು ಹೋಗಿ, ಎತ್ತಲಾಗದೆ, ತಲೆಯೆತ್ತದೆಯೇ ಕೈಸನ್ನೆಯಲ್ಲಿ ಇನ್ನೊಬ್ಬನನ್ನು ಕರೆದ. ಕಡೆಗೆ ನಾಲ್ವರು ಕಂಬಳಿಯ ನಾಲ್ಕು ಮೂಲೆ ಹಿಡಿದರು. ಅವರ ಕುತ್ತಿಗೆಯ ನರಗಳು ಬಿಗಿದವು, ಹೆಜ್ಜೆಗಳು ಎರಿಯಲ್ಲಿ ಊರಿಕೊಂಡವು. ದಾರಿಯುದ್ದಕ್ಕೂ ಕಂಬಳಿಯಿಂದ ನೀರು ಸೋರಿತು.

ಗುಂಡಿಯಲ್ಲಿ ಇಳಿಸುವಾಗ ರೇಣುಕವ್ವ ಕಂಬಳಿಯ ಅಂಚು ಹಿಡಿದಳು. ಮಣ್ಣು ಮಾಡಿ ಎಂದು ವರ್ಷವಿಡೀ ಮನೆಮನೆಗೆ ಹೋಗಿ ಅಂಗಲಾಚಿದವಳು ಈಗ ಬಿಡಲಿಲ್ಲ. ಅಮೋಘಸಿದ್ದಪ್ಪ, “ವೈನಿ, ಬಿಡ್ರಿ,” ಎಂದು ಅತ್ತಿಗೆಯ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಸೀಮಾ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಎಲ್ಲರೂ ಹಾಕಿದರು, ಭಂಡಾರ ಹಾರಿಸಿದರು. ಸೀಮಾ ಅಳಲಿಲ್ಲ. ನಾನೂ ಒಂದು ಹಿಡಿ ಹಾಕಿದೆ. ಎಷ್ಟೋ ಪುಸ್ತಕಗಳನ್ನು ಉಳಿಸಿದ ಕೈಯಿಂದ ಒಂದರ ಮೇಲೆ ಮಣ್ಣು ಹಾಕಿದ್ದೆ.

ಮರುದಿನ ನನ್ನ ಸಾಮಾನು ಕಟ್ಟಿದೆ. ಉಳಿದ ವಸ್ತುಗಳು ಕಟ್ಟೆಗೆ ಹೋದವು. ಪೆಟ್ಟಿಗೆಯನ್ನು ಸಲೀಮ್ ರಸ್ತೆಯಲ್ಲೇ ನಿಂತು, ಬೇರೆಯವರಿಂದ ಹೊರಗೆ ತರಿಸಿಕೊಂಡ. ಕಡೆಯ ಹೀರುಕಾಗದಗಳ ಕಟ್ಟು ಎತ್ತುವಾಗ ಒಳಗಿನಿಂದ ಒಂದು ಹಾಳೆ ಜಾರಿ ಬಿತ್ತು. ಹನುಮೇಶನ ಪುಸ್ತಕದ್ದು. ಅವಸರದಲ್ಲಿ ಕಂಬಳಿಗೆ ಸೇರದೆ ಉಳಿದುಬಿಟ್ಟಿತ್ತು. ಹಿಂದಿನ ದಿನ ಅದೂ ಉಳಿದವುಗಳ ಜೊತೆ ತೊಪ್ಪೆಯಾಗಿದ್ದುದನ್ನು ನಾನೇ ನೋಡಿದ್ದೆ. ಈಗ ಗರಿಗರಿಯಾಗಿ ಒಣಗಿತ್ತು. ಎಲ್ಲೂ ಸುಕ್ಕಿಲ್ಲ, ಕಲೆಯಿಲ್ಲ, ಒಂದು ಅಕ್ಷರ ಮಾಸಿಲ್ಲ. ನನ್ನ ಇಡೀ ಬದುಕಿನಲ್ಲಿ ಅಷ್ಟು ಚೆನ್ನಾಗಿ ಒಣಗಿದ ಹಾಳೆ ನೋಡಿಲ್ಲ.

ಹೆದರಿಕೆಯಾಗಬೇಕಿತ್ತು, ಸಂತೋಷವಾಯಿತು. ಕೊಟ್ಟ ಮಾತಿನಲ್ಲಿ ಇಷ್ಟಾದರೂ ಉಳಿಯಿತಲ್ಲ ಎಂದು ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಸೀಮಾಳ ಮನೆಗೆ ನಡೆದೆ. ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ರೇಣುಕವ್ವ ರೊಟ್ಟಿ ಬಡಿಯುವ ಸಪ್ಪಳ.

“ಸೀಮಾ, ಒಂದು ಹಾಳಿ ಉಳದೈತಿ. ನಿನಗ ತಂದೀನಿ.”

ಮೊರ ಕೆಳಗಿಟ್ಟು, ಕೈಯ ಧೂಳು ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಓದಲಿಲ್ಲ. ಅಂಗೈಯಿಂದ ಸವರಿದಳು, ತಿರುವಿ ಹಿಂಬದಿ ಸವರಿದಳು. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಅವಳು ಏನನ್ನು ಹುಡುಕುತ್ತಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು. ತರಬಾರದಿತ್ತು ಎನಿಸಿತು.

“ಪೂರಾ ಒಣಗೇತಿ,” ಎಂದಳು. ಆಮೇಲೆ, ವರ್ಷದಿಂದ ಮಾತು ಬಿಟ್ಟಿದ್ದ ಅತ್ತೆಯನ್ನು ಕೂಗಿದಳು. “ಅತ್ತೀ. ಅವರು ಹೋದ್ರು, ಅತ್ತೀ.”

ಅಷ್ಟಕ್ಕೇ ಅವಳಿಗೆ ಅಳು ಒಡೆದುಬಂತು. ಮೈಯೆಲ್ಲ ಅಲ್ಲಾಡುವ ಅಳು. ಹಾಳೆ ಕೈಯಿಂದ ಬಿದ್ದು ಜೋಳದ ಮೇಲೆ ಕೂತಿತು.

ರೊಟ್ಟಿಯ ಸಪ್ಪಳ ನಿಂತಿತು. ರೇಣುಕವ್ವ ಹೊರಗೆ ಬಂದಳು. ಹಾಳೆ ನೋಡಿದಳು, ಸೊಸೆಯನ್ನು ನೋಡಿದಳು. ನನ್ನ ಮಗ ಸತ್ತಾನೆ, ಮಣ್ಣು ಕೊಡಿ ಎಂದು ಊರಿಗೆಲ್ಲ ಸಾರಿದ್ದ ಆ ಮುದುಕಿ ಹಿಟ್ಟಿನ ಕೈಯಲ್ಲೇ ಸೀಮಾಳ ತಲೆಯನ್ನು ಎದೆಗೆ ಅವಚಿಕೊಂಡು, ಬಿದ್ದ ಕೂಸನ್ನು ರಮಿಸುವ ದನಿಯಲ್ಲಿ ಹೇಳಿದಳು.

“ಇಲ್ಲ ನನ್ನವ್ವ, ಎಲ್ಲಿ ಹೋಗ್ತಾನ. ಅಳಬ್ಯಾಡ. ಹಳ್ಳ ಇಳೀಲಿ, ಬರ್ತಾನ.”